ಕತ್ತಿಗೆ ಕಟ್ಟಿದ ತಾಳಿ

ಎಣ್ಣೆ ಸವರಿದರೂ ಬಳೆ ಏರಲೊಲ್ಲದು. ಚಿಕ್ಕಹನುಮಕ್ಕ ಓಬಳಮ್ಮನ ಸೆಟೆದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ಒಳಕ್ಕೆ ಮಡಚಿ, ಹಸಿರು ಗಾಜಿನ ಬಳೆಯನ್ನು ಮೆಲ್ಲಗೆ ದೂಡುತ್ತಿದ್ದಳು. ಒಂದು ಒಡೆಯಿತು. ಚೂರುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಇನ್ನೊಂದನ್ನು ಕೈಗೆತ್ತಿಕೊಂಡಳು. ಬಲಸಮುದ್ರದಿಂದ ಓಬಳಮ್ಮನ ಜೊತೆ ಒಂದೇ ಗಾಡಿಯಲ್ಲಿ ಈ ಕೋಟೆಕಲ್ಲಿಗೆ ಬಂದವಳು ಅವಳು. ಬದುಕಿದ್ದಾಗಲೂ ಓಬಳಮ್ಮನಿಗೆ ಬಳೆ ತೊಡಿಸುತ್ತಿದ್ದವಳು ಅವಳೇ.

ಕೊಡಿಗೇನಹಳ್ಳಿಯಿಂದ ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸತ್ತವಳ ಮಗಳು ಸರ್ವಮಂಗಳಾಳ ಜೊತೆ ಅಂಗನವಾಡಿಯಲ್ಲಿ ಅಡಿಗೆ ಮಾಡುವಾಕೆ. ಊರಿನ ಸಂಗತಿ ಗೊತ್ತಿಲ್ಲದವಳು. ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತಲ್ಲ, ಬಳೆ ಕುಂಕುಮ ಎಲ್ಲ ಯಾಕೆ ಎಂದು ಪಕ್ಕದವಳನ್ನು ಪಿಸುಮಾತಿನಲ್ಲಿ ಕೇಳಿದಳು. ಚಿಕ್ಕಹನುಮಕ್ಕನ ಕಿವಿ ಚುರುಕು.

"ಇವಳ ಗಂಡ ಎಲ್ ಸತ್ತವ್ನಮ್ಮ? ಅರಮನೆ ಗೋಡೆ ಮ್ಯಾಲೆ ಮೊಳೆ ಹೊಡ್ದು ನೇತಾಕವ್ರೆ. ವೋಗಿ ನೋಡ್ಕಂಡ್ ಬಾ."

ಕೋಟೆಕಲ್ಲಿನ ನಾಯಕರದು ಪಾಳೆಯಗಾರರ ಮನೆತನ. ಪಾಳೆಯ ಹೋಯಿತು, ಕುದುರೆ ಹೋಯಿತು, ಜಮೀನು ಗೇಣಿದಾರರ ಪಾಲಾಯಿತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ಹಾಗಾದರೂ ಕಟ್ಟಳೆಗಳು ಮಾತ್ರ ಹೋಗಲಿಲ್ಲ. ಅದರಲ್ಲೊಂದು ಕತ್ತಿ ಮದುವೆ. ಸಮಾನ ಅಂತಸ್ತಿನ ಹೆಣ್ಣಾದರೆ ದೊರೆ ತಾನೇ ಹೋಗಿ ತಾಳಿ ಕಟ್ಟಿ, ಮುಂದಿನ ಬಾಗಿಲಿನಲ್ಲಿ ಕರೆತರುತ್ತಾನೆ. ಕಡಿಮೆ ಮನೆಯ ಹೆಣ್ಣನ್ನು ಮೆಚ್ಚಿದರೆ ತನ್ನ ಕತ್ತಿ ಕಳಿಸುತ್ತಾನೆ. ಹೆಣ್ಣನ್ನು ಕತ್ತಿಯ ಪಕ್ಕದಲ್ಲಿ ಹಸೆಮಣೆಗೆ ಕೂರಿಸಿ, ತಾಳಿಯನ್ನು ಕತ್ತಿಯ ಹಿಡಿಗೆ ಮುಟ್ಟಿಸಿ, ಯಾರೋ ಮುತ್ತೈದೆ ಕಟ್ಟುತ್ತಾಳೆ. ಅಂಥವಳು ಬರುವುದು ಹಿಂದಿನ ಬಾಗಿಲಿಗೆ. ಅರಮನೆಯ ಹಿಂದಿನ ಬೀದಿಯ ಈ ಎರಡು ಅಂಕಣದ ಮನೆ ಅಂಥವರಿಗೆಂದೇ ಕಟ್ಟಿಸಿದ್ದು.

ದೊರೆ ಲಕ್ಷ್ಮೀಪತಿ ನಾಯಕರು ಸತ್ತ ದಿನ ಓಬಳಮ್ಮ ಎದೆ ಬಡಿದುಕೊಂಡು ಅರಮನೆಗೆ ಓಡಿದ್ದಳು. ಹಿರಿಯರು ಬಾಗಿಲಲ್ಲೇ ತಡೆದರು. ನೀನು ಕತ್ತಿಯ ಹೆಂಡತಿ, ಕತ್ತಿ ಗೋಡೆಯ ಮೇಲೆ ಗಟ್ಟಿಯಾಗಿದೆ, ನೀನು ಅಳುವ ಹಾಗಿಲ್ಲ, ಬಳೆ ಒಡೆಯುವ ಹಾಗಿಲ್ಲ ಎಂದರು. ಗಂಡ ಸತ್ತದ್ದಕ್ಕೆ ಅಳುವ ಹಕ್ಕನ್ನೂ ಕಿತ್ತುಕೊಳ್ಳುವ ಜನ ಇರುತ್ತಾರೆ ಎಂದರೆ ಯಾರು ನಂಬಿಯಾರು? ಅಂದಿನಿಂದ ಇಂದಿನವರೆಗೆ ಅವಳು ಕುಂಕುಮವಿಟ್ಟುಕೊಂಡೇ ಓಡಾಡಿದಳು. ಯಾವ ಮುತ್ತೈದೆಯೂ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ, ಯಾವ ವಿಧವೆಯೂ ತನ್ನ ಜೊತೆ ಕೂರಿಸಿಕೊಳ್ಳಲಿಲ್ಲ.

ಕಣ್ಣು ಮುಚ್ಚುವ ಮೊದಲು ಮಗಳ ಹತ್ತಿರ ಎರಡು ಮಾತು ಹೇಳಿದ್ದಳು. ನಿಮ್ಮಪ್ಪನ ಪಕ್ಕ ಮಲಗಿಸು. ಅರಮನೆಯಿಂದ ಯಾರಾದರೂ ಒಬ್ಬರು ನನ್ನ ಹೊಸ್ತಿಲಿಗೆ ಇಳಿದು ಬರಲಿ.

*

ಇಳಿದು ಬರುವುದು ಓಬಳಮ್ಮನಿಗೆ ದೊಡ್ಡ ಮಾತಾಗಿತ್ತು. ಅವಳ ಇಡೀ ಬಾಳು ನಿಂತಿದ್ದೇ ಆ ಒಂದು ಮಾತಿನ ಮೇಲೆ.

ದೊರೆಗೆ ಹೆಣ್ಣು ಹುಡುಕುತ್ತಿದ್ದ ಕಾಲ. ಎಲ್ಲೆಲ್ಲಿಯ ನಾಯಕರ ಮನೆಗಳಿಂದಲೋ ಫೋಟೋ ಬರುತ್ತಿದ್ದವು. ದೊರೆ ಒಂದನ್ನೂ ಒಪ್ಪದೆ ಜೀಪು ಹತ್ತಿ ಊರೂರು ಸುತ್ತುತ್ತಿದ್ದ. ಬೇಸಿಗೆಯ ಒಂದು ಮಧ್ಯಾಹ್ನ ಬಲಸಮುದ್ರದ ಬಾವಿಯ ಹತ್ತಿರ ಜೀಪು ನಿಲ್ಲಿಸಿ, ಕೂತಲ್ಲಿಂದಲೇ ನೀರು ಕೇಳಿದ. ಕೊಡ ಸೇದುತ್ತಿದ್ದ ಹುಡುಗಿ ತಿರುಗಿಯೂ ನೋಡಲಿಲ್ಲ.

"ದಿಗಿ ತಾಗಂಡಿ," ಅಂದಳು. ತೆಲುಗಿನಲ್ಲಿ, ಇಳಿದು ಬಂದು ಕುಡಿಯಿರಿ ಅಂತ. "ನಮ್ಮೂರಲ್ಲಿ ನೀರು ನಡ್ಕೊಂಡ್ ಬರಲ್ಲ."

ಅವಳಿಗೆ ಅವನು ದೊರೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದ ಚಿಕ್ಕಹನುಮಕ್ಕ ಪಕ್ಕದಲ್ಲಿ ನಿಂತು ಅವಳ ಸೆರಗು ಎಳೆದಳು. ಆದರೆ ಅವನು ನಕ್ಕ. ಇಳಿದ. ಕೆಸರಿನಲ್ಲಿ ನಿಂತು, ಬಗ್ಗಿ, ಎರಡು ಕೈ ಬೊಗಸೆ ಮಾಡಿ ಹಿಡಿದ. ಅವಳು ನೀರು ಹೊಯ್ದಳು. ಮೊಣಕೈಯಿಂದ ನೀರು ಇಳಿದು ಅವನ ಬಿಳಿ ಷರಾಯಿ ನೆನೆಯಿತು. ಮತ್ತೆ ಮತ್ತೆ ಬಂದ. ಬಂದಾಗಲೆಲ್ಲ ಇಳಿದ. ಇವಳನ್ನೇ ಮದುವೆಯಾಗುತ್ತೇನೆ, ಕತ್ತಿ ಕಳಿಸುವುದಿಲ್ಲ, ನಾನೇ ಬರುತ್ತೇನೆ ಎಂದು ಅವಳಪ್ಪನ ಎದುರು ಬಾವಿಕಟ್ಟೆ ಮುಟ್ಟಿ ಹೇಳಿದ.

ಮದುವೆಯ ದಿನ ಬಂದದ್ದು ಕತ್ತಿ. ರೇಷ್ಮೆ ವಸ್ತ್ರದಲ್ಲಿ ಸುತ್ತಿ ಅರಮನೆಯ ವ್ಯವಹಾರ ನೋಡುವ ಮಣೆಗಾರ ತಂದಿದ್ದ. ದೊರೆಗೆ ವಿಪರೀತ ಜ್ವರ, ಏಳಲು ಆಗುತ್ತಿಲ್ಲ, ಲಗ್ನ ಮೀರಬಾರದು ಎಂದ. ಓಬಳಮ್ಮ ಕತ್ತಿಯ ಪಕ್ಕ ಕೂತು ತಲೆ ಬಗ್ಗಿಸಿದಳು. ಜ್ವರದವನಿಗೆ ಏನಾಗಿದೆಯೋ ಎಂಬ ಚಿಂತೆಯಲ್ಲಿ ಅವಳಿಗೆ ತನ್ನ ಅವಮಾನ ನೆನಪಿಗೇ ಬರಲಿಲ್ಲ. ಮಾರನೆಯ ದಿನ ಎತ್ತಿನ ಗಾಡಿ ಅವಳನ್ನು ಹಿಂದಿನ ಬೀದಿಗೆ ತಂದು ಇಳಿಸಿತು. ಅದೇ ವರ್ಷ ದೊರೆ ತಾನೇ ಹೋಗಿ, ಸಮಾನರ ಮನೆಯ ರಾಜಲಕ್ಷ್ಮಮ್ಮಣ್ಣಿಯವರನ್ನು ತಾಳಿ ಕಟ್ಟಿ ಮುಂದಿನ ಬಾಗಿಲಿನಲ್ಲಿ ಕರೆತಂದ.

ಆದರೂ ಓಬಳಮ್ಮ ಅವನನ್ನು ಒಂದು ದಿನವೂ ಬೈಯಲಿಲ್ಲ. ಸಂಜೆ ಹೊತ್ತು ಅವನು ಹಿತ್ತಲಿನಿಂದ ಬಂದಾಗ ಮೊದಲು ಹಣೆ ಮುಟ್ಟಿ ನೋಡುತ್ತಿದ್ದಳು. ಅಮೃತಬಳ್ಳಿಯ ಕಷಾಯ ಅವಳ ಒಲೆಯ ಮೇಲೆ ಯಾವಾಗಲೂ ಇರುತ್ತಿತ್ತು. "ಮೈ ಸೂಕ್ಷ್ಮ ಕಣೇ ನಿಮ್ಮಪ್ಪನದು. ಅವತ್ತು ಜ್ವರ ಬರದಿದ್ರೆ ಇಳಿದು ಬತ್ತಿದ್ರು," ಎಂದು ಮಗಳಿಗೆ ಹೇಳುತ್ತಿದ್ದಳು. ಈ ಮಾತನ್ನು ಸರ್ವಮಂಗಳಾ ಹಾಲು ಕುಡಿಯುವಾಗಿನಿಂದ ಕೇಳಿದ್ದಳು.

*

ಬೆಳಗಾಗುತ್ತಲೇ ಸರ್ವಮಂಗಳಾ ಅರಮನೆಗೆ ಹೋಗಿ ಅವ್ವನ ಎರಡು ಆಸೆಯನ್ನೂ ಹೇಳಿ ಕೇಳಿದ್ದಳು. ರಾಜಲಕ್ಷ್ಮಮ್ಮಣ್ಣಿಯವರ ಮಗ ಜಯಕುಮಾರ್ ಈಗಿನ ದೊರೆ. ಅರಮನೆಯ ಮುಂಭಾಗಕ್ಕೆ ಸುಣ್ಣ ಬಳಿಸಿ, ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಜೋಡಿಗಳಿಗೆ ಬಾಡಿಗೆಗೆ ಕೊಡುತ್ತಾನೆ. ಹುಡುಗರು ಬಾಡಿಗೆ ಪೇಟ ಸುತ್ತಿ, ಆ ಕತ್ತಿ ಹಿಡಿದು ಸಿಂಹಾಸನದಲ್ಲಿ ಕೂರುತ್ತಾರೆ. ಹುಡುಗಿ ಕಾಲ ಬಳಿ ಕೂರುತ್ತಾಳೆ. ದುಡಿಮೆ ಚೆನ್ನಾಗಿದೆ.

ಅಪ್ಪನ ಪಕ್ಕ ಜಾಗ ಕೊಡಲು ಅವನು ಹಿಂದೆ ಮುಂದೆ ನೋಡಲಿಲ್ಲ. ಆಳುಗಳಿಗೆ ಹೇಳಿ ಅರಮನೆಯ ತೋಪಿನಲ್ಲಿ ಗುಂಡಿ ತೋಡಿಸುತ್ತೇನೆ ಎಂದ. ಬರುವ ಮಾತಿಗೆ ಮಾತ್ರ ತಲೆ ಕೆರೆದುಕೊಂಡ. ಹೊಸ್ತಿಲು ತುಳಿದರೆ ಸೂತಕ ಹಿಡಿಯುತ್ತದೆ, ಸೂತಕದಲ್ಲಿ ಮಂಗಳ ಕೆಲಸಕ್ಕೆ ಅರಮನೆ ಕೊಡುವ ಹಾಗಿಲ್ಲ, ಮಧ್ಯಾಹ್ನ ಬೆಂಗಳೂರಿನ ಜೋಡಿಯೊಂದು ಬರುತ್ತಿದೆ.

"ಒಂದ್ ಗಳಿಗೆ ಅಣ್ಣಾ. ಬಾಗ್ಲಲ್ಲಿ ನಿಂತು ಒಂದ್ ಹೂವ ಹಾಕ್ಬುಟ್ಟು ವಾಪಸ್ ಹೋಗು," ಎಂದು ಸರ್ವಮಂಗಳಾ ಬೇಡಿದಳು. ಜನ್ಮದಲ್ಲಿ ಮೊದಲ ಸಲ ಅವನನ್ನು ಅಣ್ಣ ಎಂದಿದ್ದಳು. ನೋಡೋಣ ಎಂದ ಅವನು. ಅವಳು ಅದನ್ನು ಹೂಂ ಎಂದೇ ತಿಳಿದುಕೊಂಡು ಬಂದಳು.

ಈಗ ಹೆಣಕ್ಕೆ ಹಸಿರು ಸೀರೆ ಉಡಿಸಿ, ಮಡಿಲಕ್ಕಿ ತುಂಬಿ, ಬಾಗಿಲ ಮುಂದೆ ಚಟ್ಟದ ಮೇಲೆ ಮಲಗಿಸಿದ್ದರು. ತಮಟೆಯವರು ಬಿಸಿಲಿಗೆ ತಮಟೆ ಕಾಯಿಸುತ್ತಿದ್ದರು. ಬೀದಿಯ ತುದಿಯ ಹುಣಸೆಮರದ ಕೆಳಗೆ ಬಿಳಿ ಕಾರು ಬಂದು ನಿಂತಿತು. ಬಂದ, ಬಂದ ಎಂದು ಯಾರೋ ಅಂದರು. ಸರ್ವಮಂಗಳಾ ಕಣ್ಣೊರೆಸಿಕೊಂಡು ಎದ್ದು ನಿಂತಳು. ಅವ್ವನ ಒಂದು ಆಸೆಯಾದರೂ ನಡೆಯಿತಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಇಳಿದವನು ಡ್ರೈವರ್. ಎರಡೂ ಕೈ ಚಾಚಿ, ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಉದ್ದನೆಯದೊಂದನ್ನು ಹಿಡಿದು ಬಂದ. ಕಾರಿನ ಗಾಜು ಮುಚ್ಚಿತ್ತು. ಒಳಗೆ ಏಸಿ ಓಡುತ್ತಿತ್ತು.

"ಸಾರು ಕತ್ತಿ ಕಳ್ಸವ್ರೆ. ಪಕ್ಕದಲ್ಲಿ ಮಡಗಿ, ಎಲ್ಲ ಶಾಸ್ತ್ರ ಮುಗಿದ್ಮೇಲೆ ಕೊಟ್ಬುಡಿ. ಮದ್ಯಾನ ಶೂಟಿಂಗ್‌ಗೆ ಬೇಕಂತೆ," ಎಂದು ಹೇಳಿ ಅವನು ಅದನ್ನು ಓಬಳಮ್ಮನ ಬಲಕ್ಕೆ ಇಟ್ಟ.

ಗೋಡೆಯ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದ ಹಫೀಜ್ ಸಾಬರು ಒಂದು ಸಲ ಕತ್ತಿಯ ಕಡೆ, ಒಂದು ಸಲ ಹುಣಸೆಮರದ ಕಡೆ ನೋಡಿ ತಲೆ ಅಲ್ಲಾಡಿಸಿದರು. ಲಕ್ಷ್ಮೀಪತಿ ನಾಯಕರ ಜೀಪಿನ ಡ್ರೈವರ್ ಆಗಿದ್ದವರು. ಓಬಳಮ್ಮ ಹೋದ ಸುದ್ದಿ ಕೇಳಿ, ಕೋಲೂರಿಕೊಂಡು ಬಸ್ಸು ಬದಲಿಸುತ್ತ ಶಿರಾದಿಂದ ಬಂದಿದ್ದರು.

"ಇವ್ರಿಗೆ ಇಳಿಯೋದೇ ಬರಲ್ಲ ಬೇಟಿ," ಅಂದರು. "ಅವತ್ತೂ ಹಿಂಗೇ. ಹುಣಸೆಮರಾನೇ."

ಸರ್ವಮಂಗಳಾ ಅವರ ಹತ್ತಿರ ಹೋದಳು. "ಯಾವತ್ತು ಹಫೀಜ್ ಮಾಮ?"

ಸಾಬರು ಕೋಲಿನ ತುದಿಯಿಂದ ನೆಲ ಕೆರೆದರು. ದೊರೆ ಅವರಿಂದ ಆಣೆ ಹಾಕಿಸಿಕೊಂಡಿದ್ದರು, ಆ ತಾಯಿ ಇರುವವರೆಗೂ ಬಾಯಿ ಬಿಡಬಾರದು ಎಂದು. ಈಗ ಆ ತಾಯಿ ಇಲ್ಲ.

"ನಿಮ್ಮವ್ವನ ಶಾದಿ ದಿನ ದೊರೆಗೆ ಜರ ಇರ್ಲಿಲ್ಲಮ್ಮ. ಜೀಪಲ್ಲೇ ಬಂದಿದ್ರು. ನಾನೇ ಓಡ್ಸಿದ್ದು. ಬಲಸಮುದ್ರದ ಬಾಗ್ಲಲ್ಲೇ ಒಂದು ಹುಣಸೆಮರ ಇತ್ತು, ಅಲ್ಲೇ ನಿಲ್ಸು ಅಂದ್ರು. ಕತ್ತಿ ಒಳಗೆ ಹೋಯ್ತು, ಅವ್ರು ಅಲ್ಲೇ ಕೂತ್ರು. ವಾಲಗ ಕೇಳ್ತಿತ್ತು. ನಾಲ್ಕು ಹೆಜ್ಜೆ. ಹೋಗಿ ದೊರೆ, ಆಯಮ್ಮ ಕಾಯ್ತಾರೆ ಅಂದೆ."

"ಏನಂದ್ರು?"

"ನಾನು ಇಳಿದ್ರೆ ಅವಳನ್ನ ಮುಂದಿನ ಬಾಗ್ಲಲ್ಲಿ ತರಬೇಕಾಗ್ತದೆ ಹಫೀಜ್, ಅಂದ್ರು. ಆಮೇಲೆ ಹುಣಸೇಕಾಯಿ ಕಿತ್ಕೊಂಡ್ ಬಾ ಅಂದ್ರು. ತಿಂದ್ರು."

ಸರ್ವಮಂಗಳಾ ಅಳಲಿಲ್ಲ. ಅವ್ವನ ಅಡಿಗೆಮನೆಯೊಳಗೆ ಹೋದಳು. ಒಲೆಯ ಮೇಲೆ ಕಷಾಯದ ಪಾತ್ರೆ ಇನ್ನೂ ಇತ್ತು. ದೊರೆ ಸತ್ತ ಮೇಲೂ ಓಬಳಮ್ಮ ಅದನ್ನು ಬಿಟ್ಟಿರಲಿಲ್ಲ, ತಾನೇ ಕುಡಿಯುತ್ತಿದ್ದಳು. ಸರ್ವಮಂಗಳಾ ಪಾತ್ರೆಯನ್ನು ಹಿತ್ತಲಿಗೆ ತಂದು ಬಗ್ಗಿಸಿ, ಬೋರಲು ಹಾಕಿದಳು. ಅಪ್ಪ ಎಂಬ ಮನುಷ್ಯನ ಮೇಲೆ ಅವಳಿಗೆ ಹುಟ್ಟಿದಂದಿನಿಂದ ಇಲ್ಲದ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು, ಇಷ್ಟು ಅಗ್ಗದ ಸುಳ್ಳನ್ನು ಇಷ್ಟು ವರ್ಷ ಕಾಯಿಸಿಕೊಂಡು ಕುಡಿದ ಅವ್ವನ ಮೇಲೆ ಬಂತು.

*

ಹೆಣ ಎತ್ತಿದರು. ತಮಟೆ ಮುಂದೆ, ಚಟ್ಟ ಹಿಂದೆ, ಅದರ ಹಿಂದೆ ಸರ್ವಮಂಗಳಾ. ಚಟ್ಟದಲ್ಲಿದ್ದ ಕತ್ತಿಯ ಮೇಲೆ ಕಣ್ಣಿಟ್ಟುಕೊಂಡು ಡ್ರೈವರ್ ಪಕ್ಕದಲ್ಲೇ ನಡೆದ. ಜಯಕುಮಾರ್ ತಾನೇ ಓಡಿಸುತ್ತಿದ್ದ ಬಿಳಿ ಕಾರು ದೂರದಲ್ಲಿ ಮೆಲ್ಲಗೆ ಉರುಳಿಕೊಂಡು ಬಂದು ತೋಪಿನ ಬೇಲಿಯ ಹೊರಗೆ ನಿಂತಿತು.

ದೊರೆಯ ಸಮಾಧಿಯ ಮೇಲೆ ಕಪ್ಪು ಕಲ್ಲಿನ ಮಂಟಪವಿತ್ತು. ಅದರ ಎಡಕ್ಕೆ ಕೆಮ್ಮಣ್ಣಿನ ಗುಂಡಿ ತಯಾರಾಗಿತ್ತು. ಚಟ್ಟ ಇಳಿಸಿದರು. ಕೊನೆಯ ಸಲ ಮುಖ ನೋಡಿಕೊಳ್ಳಿ ಎಂದರು. ಸರ್ವಮಂಗಳಾ ಮುಖ ನೋಡಲಿಲ್ಲ. ಬಗ್ಗಿ, ಅವ್ವನ ಕುತ್ತಿಗೆಯ ಹಿಂದೆ ಕೈ ಹಾಕಿ, ಅರಿಶಿನದ ದಾರದ ಗಂಟು ಬಿಚ್ಚಿದಳು. ರೇಷ್ಮೆ ಸರಿಸಿ ಅದೇ ತಾಳಿಯನ್ನು ಕತ್ತಿಯ ಹಿಡಿಗೆ ಸುತ್ತಿ ಕಟ್ಟಿದಳು. ಒಂದು ಗಂಟು, ಎರಡು ಗಂಟು, ಮೂರು ಗಂಟು. ಆಮೇಲೆ ಅವ್ವನ ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿದಳು.

"ಇಲ್ಲಿ ಬ್ಯಾಡ. ಊರ ಮಸಾಣಕ್ಕೆ ನಡೀರಿ," ಎಂದಳು. "ಎಲ್ಲಾರೂ ಮಲಗೋ ತಾವು ನಮ್ಮವ್ವನೂ ಮಲಗ್ಲಿ."

ಗಂಡಸರು ಮುಖ ಮುಖ ನೋಡಿಕೊಂಡರು. ಚಿಕ್ಕಹನುಮಕ್ಕನಿಗೆ ಮೊದಲು ಹೊಳೆದದ್ದು ಗುಂಡಿಯ ಚಿಂತೆ.

"ತೋಡಿದ ಗುಂಡಿ ಬರಿದು ಬುಡಬಾರ್ದು ಕಣಮ್ಮ. ಇನ್ನೊಂದು ಹೆಣ ಕೇಳ್ತದೆ."

"ಬರಿದು ಯಾಕ್ ಬುಡ್ಬೇಕು ದೊಡ್ಡವ್ವ? ಅವ್ವನ ಗಂಡ ಇಲ್ಲೇ ಅವ್ನಲ್ಲ," ಎಂದು ಸರ್ವಮಂಗಳಾ ಕತ್ತಿಯನ್ನು ಎತ್ತಿ ಗುಂಡಿಯೊಳಗೆ ಬಿಟ್ಟಳು. ಅದು ತಳದ ಕಲ್ಲಿಗೆ ತಗುಲಿ ಠಣ್ ಎಂದು ಬಿತ್ತು. ಮೊದಲ ಹಿಡಿ ಮಣ್ಣನ್ನು ಅವಳೇ ಹಾಕಿದಳು. ಚಿಕ್ಕಹನುಮಕ್ಕ ಒಂದು ಕ್ಷಣ ನಿಂತು, ಸೆರಗಿನಲ್ಲಿ ಕಟ್ಟಿದ್ದ ಬಳೆಚೂರನ್ನು ಬಿಚ್ಚಿ ಅದರ ಮೇಲೆ ಸುರಿದಳು. ಹೆಂಗಸರು ಒಬ್ಬೊಬ್ಬರಾಗಿ ಮಣ್ಣು ಹಾಕಿದರು.

ಡ್ರೈವರ್ ಬಾಯಿ ಬಾಯಿ ಬಡಿದುಕೊಂಡು ಬೇಲಿಯ ಕಡೆ ಓಡಿದ. ಕಾರಿನ ಗಾಜು ಇಳಿಯಿತು. ಆಮೇಲೆ ಬಾಗಿಲು ತೆರೆಯಿತು.

ಜಯಕುಮಾರ್ ಬೂಟುಗಾಲಲ್ಲೇ ಓಡಿಬಂದ. ಹೆಣದ ಪಕ್ಕದಲ್ಲಿಯೇ ಹಾದು, ಅದನ್ನು ನೋಡದೆ, ಗುಂಡಿಯ ಅಂಚಿಗೆ ಹೋಗಿ ನಿಂತ. ಇಳಿದು ತೆಗೆಯೋ ಎಂದು ಡ್ರೈವರ್‌ಗೆ ಹೇಳಿದ. ಡ್ರೈವರ್ ಹಿಂದಕ್ಕೆ ಸರಿದ. ಗುಂಡಿ ತೋಡಿದ ಆಳುಗಳೂ ಸರಿದರು. ಯಾರದೋ ಹೆಸರಿಗೆ ತೋಡಿದ ಗುಂಡಿಗೆ ಬದುಕಿದ್ದವರು ಯಾರು ಇಳಿಯುತ್ತಾರೆ?

ಅಷ್ಟರಲ್ಲಿ ಚಟ್ಟ ಮತ್ತೆ ಹೆಗಲೇರಿತ್ತು. ತಮಟೆ ಶುರುವಾಯಿತು. ಸರ್ವಮಂಗಳಾ ಹಿಂದಿರುಗಿ ನೋಡದೆ ನಡೆದಳು. ಕಾಲು ಸಾಗದ ಹಫೀಜ್ ಸಾಬರು ಕೋಲೂರಿಕೊಂಡು ಬೇಲಿಯ ಹತ್ತಿರವೇ ಹಿಂದುಳಿದರು. ಅವರು ತಿರುಗಿ ನೋಡಿದಾಗ ಕಪ್ಪು ಮಂಟಪದ ಪಕ್ಕದಲ್ಲಿ, ಕೆಮ್ಮಣ್ಣಿನ ಗುಂಡಿಯೊಳಗೆ, ಎದೆಮಟ್ಟ ಇಳಿದು ನಿಂತ ಜಯಕುಮಾರ್ ಎರಡೂ ಕೈಗಳಿಂದ ಮಣ್ಣು ಕೆದಕುತ್ತಿದ್ದ.