ಬಂದವರಿಗೊಂದು ರೆಗ್ಯುಲೇಟರ್

ನಮ್ಮ ಉಪ್ಪನಿಗೆ, ಅಂದರೆ ಅಪ್ಪನಿಗೆ, ಎರಡು ಕಾಯಿಲೆ. ಒಂದು ಸಕ್ಕರೆಯದು, ಅದಕ್ಕೆ ಮಾತ್ರೆ ಇದೆ. ಇನ್ನೊಂದು ಸತ್ಕಾರದ್ದು. ಅವರ ಕಣ್ಣಿಗೆ ಬಿದ್ದವರು ಏನಾದರೂ ಕುಡಿಯದೆ ಹೋಗುವ ಹಾಗಿಲ್ಲ. ಕರೆಂಟಿನ ಬಿಲ್ಲು ಕೊಡಲು ಬಂದವನೂ ನಮ್ಮಲ್ಲಿ ಒಂದು ಪ್ಲೇಟು ಸಮೋಸ ಮುಗಿಸಿಯೇ ಹೋಗುತ್ತಾನೆ.

ದರ್ಬೆಯಲ್ಲಿ ಅಂಗಡಿ ಇಟ್ಟು ವರ್ಷಗಟ್ಟಲೆ ಬೇರೆಯವರ ಪೈಪು ಮಾರಿದ ಬಾವ ಹಾಜಿ, ಅಂದರೆ ನನ್ನ ಉಪ್ಪ, ಹೋದ ವರ್ಷ ಕಡಬದಲ್ಲಿ ಸ್ವಂತ ಪೈಪ್ ಫ್ಯಾಕ್ಟರಿ ಹಾಕಿದರು. ಫ್ಯಾಕ್ಟರಿ ಎಂದರೆ ಉದ್ದದ ಒಂದು ಶೆಡ್ಡು, ಒಂದು ಮಿಷನ್ನು. ಪ್ಲಾಸ್ಟಿಕ್ಕಿನ ಕಪ್ಪು ಕಾಳನ್ನು ಒಂದು ತುದಿಯಲ್ಲಿ ಸುರಿದರೆ ಅದು ಒಳಗೆ ಕರಗಿ, ಕೊಳವೆಯಾಗಿ ಹೊರಬಂದು, ನೀರಿನ ತೊಟ್ಟಿಯಲ್ಲಿ ತಣ್ಣಗಾಗಿ, ಇನ್ನೊಂದು ತುದಿಯಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಎರಡು ರಬ್ಬರ್ ಪಟ್ಟಿಗಳು ಅದನ್ನು ಹಿಡಿದು ಎಳೆಯುತ್ತಲೇ ಇರುತ್ತವೆ. ಎಳೆಯುವ ವೇಗಕ್ಕೆ ಒಂದು ನಾಬ್ ಇದೆ. ಪೈಪಿನ ಹೊರಗಿನ ಅಳತೆ ಹೇಗೂ ಬದಲಾಗುವುದಿಲ್ಲ. ಗೋಡೆಯ ದಪ್ಪ ಮಾತ್ರ ಆ ನಾಬಿನ ಕೈಯಲ್ಲಿ. ಬೇಗ ಎಳೆದರೆ ತೆಳು, ನಿಧಾನ ಎಳೆದರೆ ದಪ್ಪ.

ನನಗೆ ಆ ಮಿಷನ್ ಎಂದರೆ ಪ್ರಾಣ. ಯಾಕೆಂದು ಕೇಳಬೇಡಿ. ಕೆಲವರಿಗೆ ಚಿನ್ನದ ಬಳೆ, ನನಗೆ ಬಿಸಿಬಿಸಿಯಾಗಿ ಹೊರಬರುವ ಪೈಪು. ಅದನ್ನು ಪೂರ್ತಿ ನನಗೆ ಬಿಟ್ಟುಕೊಡಿ ಎಂದು ನಾನು ಹಟ ಹಿಡಿದೆ. ಉಪ್ಪ ಗಡ್ಡ ಸವರಿಕೊಂಡರು.

"ಝುಹ್ರಾ, ಈಶ್ವರಮಂಗಲದ ಗೌರೀಶಂಕರ ಭಟ್ರ ಆರ್ಡರ್ ಉಂಟಲ್ಲ, ಅದನ್ನು ನೀನೇ ಮಾಡು. ಭಟ್ರು ಒಪ್ಪಿದ್ರೆ ಮಿಷನ್ ನಿನ್ನದು. ಇಲ್ಲದಿದ್ರೆ ಉಪ್ಪಳದವನೊಬ್ಬ ಕೇಳ್ತಾ ಇದ್ದಾನೆ, ಅವನಿಗೆ ಕೊಟ್ಟುಬಿಡುದು. ನನಗೂ ಪ್ರಾಯ ಆಯ್ತು."

ಭಟ್ಟರು ಬದನೆಕಾಯಿ ಕೊಳ್ಳುವಾಗಲೂ ಬೆಳಕಿಗೆ ಹಿಡಿದು ನೋಡುವ ಮನುಷ್ಯ. ಅವರು ಒಪ್ಪಿದರೆ ಊರೇ ಒಪ್ಪಿದ ಹಾಗೆ. ನಾನು ಗೋಡೆಯ ದಪ್ಪವನ್ನು ಎರಡು ಪಾಯಿಂಟ್ ಎಂಟು ಮಿಲಿಮೀಟರಿಗೆ ನಿಲ್ಲಿಸಿ, ಪ್ರತಿ ಸುರುಳಿಯ ಎರಡೂ ತುದಿಯನ್ನು ಅಳೆದು ನೋಡಿಯೇ ಕಳಿಸಿದೆ.

ಒಂದೇ ಒಂದು ಕಿರಿಕಿರಿ ಇತ್ತು. ನಾನು ಎದ್ದು ಎಲ್ಲಿಗಾದರೂ ಹೋಗಿ ಬಂದರೆ ನಾಬ್ ಸ್ವಲ್ಪ ಆಚೀಚೆ ಆಗಿರುತ್ತಿತ್ತು. ನಾನು ಸರಿ ಮಾಡುತ್ತಿದ್ದೆ. ಮತ್ತೆ ಯಾವಾಗಲೋ ಜಾರಿರುತ್ತಿತ್ತು. ಮಿಷನ್ ಕೊಟ್ಟವರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಮೇಡಂ, ಅದು ಅದರಷ್ಟಕ್ಕೆ ತಿರುಗುದಿಲ್ಲ" ಎಂದರು. ಮಾರಿದ ಮೇಲೆ ಎಲ್ಲರೂ ಹೀಗೇ ಹೇಳುವುದು ಎಂದು ಇನ್ನೆರಡು ಮಾತು ಸೇರಿಸಿ ಬೈದೆ.

ಹೀಗಿರುವಾಗ ಒಂದು ಬೆಳಿಗ್ಗೆ ಶೆಡ್ಡಿನ ಎದುರು ಜೀಪು ನಿಂತಿತು. ಭಟ್ಟರು ಇಳಿದರು. ಬಿಳಿ ಪಂಚೆಯಲ್ಲಿ ಬಿಳಿ ಇದ್ದದ್ದು ಸೊಂಟದ ಹತ್ತಿರ ಒಂದು ಗೇಣು ಮಾತ್ರ, ಉಳಿದದ್ದೆಲ್ಲ ಕೆಸರು. ಕೈಯಲ್ಲಿ ಬಾಯಿ ಬಿಟ್ಟ ಪೈಪಿನ ತುಂಡು.

"ಬಾವಾಕ, ಇದೆಂತ ಪೈಪು ಮಾರಾಯ್ರೆ? ಗುಡ್ಡೆಯ ಟ್ಯಾಂಕಿಗೆ ನೀರು ಬಿಟ್ಟು, ಉಪನಯನಕ್ಕೆ ಹೊರಟು ನಿಂತಿದ್ದೆ. ಪಟ್ ಅಂತ ಒಡೆದು ಕೆಸರೆಲ್ಲ ನನ್ನ ಮೈಮೇಲೆ! ಊಟಕ್ಕೆ ಹೋಗುದು ಬಿಟ್ಟು ಇಲ್ಲಿಗೆ ಬಂದೆ!"

ಉಪನಯನದ ಊಟ ಬಿಟ್ಟು ಬಂದಿದ್ದಾರೆಂದರೆ ಸಿಟ್ಟು ಎಷ್ಟೆಂದು ಲೆಕ್ಕ ಹಾಕಿ. ಮಿಷನ್ ಉಪ್ಪಳಕ್ಕೆ ಹೋಗುವ ಲಾರಿಯಲ್ಲಿ ಕೂತದ್ದೇ ಕಣ್ಣಿಗೆ ಕಟ್ಟಿತು. ತುಂಡನ್ನು ಇಸಕೊಂಡು ಅಳೆದೆ. ಒಂದು ಪಾಯಿಂಟ್ ಒಂಬತ್ತು! ಅದೂ ಒಂದು ಮಗ್ಗುಲಲ್ಲಿ ಅಲ್ಲ, ಸುತ್ತಲೂ ಒಂದೇ ಸಮ ತೆಳು. ಒಂದು ಮಗ್ಗುಲು ತೆಳುವಾದರೆ ಅಚ್ಚು ವಾಲಿದೆ ಎನ್ನಬಹುದಿತ್ತು. ಸುತ್ತಲೂ ತೆಳು ಎಂದರೆ ಯಾರೋ ಬೇಗ ಎಳೆದಿದ್ದಾರೆ. ಯಾರು? ಮಿಷನ್ ಹತ್ತಿರ ಇದ್ದವಳು ನಾನೊಬ್ಬಳೇ.

"ಝುಹ್ರಾ, ಭಟ್ರಿಗೆ ಶರಬತ್ತು ತಾ" ಎಂದರು ಉಪ್ಪ. ಮನೆಗೆ ಬೆಂಕಿ ಬಿದ್ದರೂ ಆರಿಸಲು ಬಂದವರಿಗೆ ಮೊದಲು ಶರಬತ್ತು. ನಾನು ಹಿಂದಿನ ಕೋಣೆಗೆ ಹೋಗಿ ಲಿಂಬೆ ಹಿಂಡಿದೆ. ಬೀಜ ತೆಗೆಯುವಷ್ಟು ತಾಳ್ಮೆ ಇರಲಿಲ್ಲ. ತಟ್ಟೆ ಹಿಡಿದು ಬೇಗ ಮರಳಿ ಬರುತ್ತಿದ್ದೆ. ಉಪ್ಪನ ಮಾತು ಕೇಳಿಸಿತು.

"ಕೋಪ ಮಾಡ್ಬೇಡಿ ಭಟ್ರೆ. ಬೇರೆ ಪೈಪು ಕೊಡುವ. ಬನ್ನಿ, ನಿಮ್ಮ ಕೈಯಿಂದಲೇ ಒಮ್ಮೆ ತಿರುಗಿಸಿ. ಆ ದಿನ ತಿರುಗಿಸಿದ್ರಲ್ಲ, ಹಾಗೆಯೇ."

ನಾನು ತಟ್ಟೆ ಹಿಡಿದುಕೊಂಡೇ ಕಂಬದ ಹಾಗೆ ನಿಂತೆ.

"ಆ ದಿನ? ಯಾವ ದಿನ ಉಪ್ಪ?"

"ಪೈಪು ನೋಡ್ಲಿಕ್ಕೆ ಬಂದಿದ್ರಲ್ಲ, ಆ ದಿನ. ಬಂದವರ ಕೈ ತಾಗಿದ್ರೆ ಬರ್ಕತ್ತು, ಕೆಲಸ ಏಳಿಗೆ ಆಗ್ತದೆ ಅಲ್ವಾ? ಗಲ್ಫಿನ ದಮ್ಮಾಮಿನಿಂದ ಬಂದ ನಮ್ಮ ನೆಂಟ ಮಶೂದ್ ತಿರುಗಿಸಿದ. ಆಚೆಮನೆಯ ಮೈಮೂನಮ್ಮ ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿ ತಿರುಗಿಸಿದ್ಳು. ಅವಳದ್ದು ಸ್ವಲ್ಪ ಹಿಂದಕ್ಕೆ."

ಅತಿಥಿ ಬಂದರೆ ನಾನು ಶರಬತ್ತಿಗೆ ಹೋಗುವುದು. ನಾನು ಹೋದ ಕೂಡಲೇ ಉಪ್ಪ ಅವರಿಂದ ನಾಬ್ ತಿರುಗಿಸುವುದು. ಅವರು ಹೋದ ಮೇಲೆ ನಾನು ಅದನ್ನು ಸರಿ ಮಾಡಿ ಕಂಪೆನಿಯವರನ್ನು ಬೈಯುವುದು. ಸುರುಳಿಯ ಎರಡೂ ತುದಿ ಚೆನ್ನಾಗಿತ್ತು, ನಡುವೆ ನೆಂಟರು ಕೂತಿದ್ದರು! ಇಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಆದರೆ ಅತಿಥಿಯ ಎದುರು ಉಪ್ಪನಿಗೆ ಬೈದರೆ ಉಮ್ಮ ನನ್ನನ್ನು ಮನೆಗೆ ಸೇರಿಸುವುದಿಲ್ಲ.

"ಭಟ್ರೆ, ತಿರುಗಿಸಿ" ಎಂದೆ. "ಆ ದಿನ ಎಷ್ಟು ತಿರುಗಿಸಿದ್ರೋ ಅಷ್ಟೇ."

ಭಟ್ಟರು ಉತ್ಸಾಹದಿಂದ ಬಲಕ್ಕೆ ತಿರುಗಿಸಿದರು. "ಇಷ್ಟು. ಬೇಗ ಆಗ್ಲಿ, ನನಗೆ ತೋಟಕ್ಕೆ ಅರ್ಜೆಂಟ್ ಉಂಟು ಅಂತ ಹೇಳಿಯೇ ತಿರುಗಿಸಿದ್ದು."

ಪಟ್ಟಿಗಳು ಚುರುಕಾದವು. ಆ ಪೈಪು ತೊಟ್ಟಿ ದಾಟಿ ಈಚೆ ಬರಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಮೂವರೂ ಶರಬತ್ತು ಕುಡಿದೆವು. ಭಟ್ಟರು ಬೀಜ ಉಗಿದರು. ನಾನು ಒಂದು ತುಂಡು ಕತ್ತರಿಸಿ, ಅಳತೆಯ ಮೈಕ್ರೋಮೀಟರನ್ನು ಅವರ ಕೈಗೇ ಕೊಟ್ಟೆ.

ಭಟ್ಟರು ಕನ್ನಡಕ ಏರಿಸಿದರು. ತುಂಡನ್ನು ಬೆಳಕಿಗೆ ಹಿಡಿದರು. ಮತ್ತೆ ಅಳೆದರು.

"ಒಂದು ಪಾಯಿಂಟ್ ಒಂಬತ್ತು" ಎಂದರು ಮೆಲ್ಲಗೆ. ಆಮೇಲೆ ತಮ್ಮ ಪಂಚೆ ನೋಡಿಕೊಂಡರು. "ಅಂದ್ರೆ ಬಾವಾಕ, ಈ ಕೆಸರು ಹಾಕಿದ್ದು ನಾನೇ."

ನಾನು ನಾಬನ್ನು ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತುಂಡು ಕತ್ತರಿಸಿ ಕೊಟ್ಟೆ. ಎರಡು ಪಾಯಿಂಟ್ ಎಂಟು. ಭಟ್ಟರು ಅದನ್ನು ಎರಡೂ ಕೈಯಲ್ಲಿ ಹಿಸುಕಿದರು, ನೆಲಕ್ಕೆ ಹಾಕಿ ಮೆಟ್ಟಿದರು, ಕೊನೆಗೆ ಹೇಳಿದರು: "ಪೈಪು ಒಳ್ಳೆದುಂಟು. ಆದ್ರೆ ನನ್ನನ್ನು ಇನ್ನು ಮಿಷನ್ ಹತ್ತಿರ ಬಿಡ್ಬೇಡಿ."

ಅವರು ಹೋದ ಮೇಲೆ ಉಪ್ಪ ಒಡೆದ ತುಂಡನ್ನು ಕೈಗೆತ್ತಿಕೊಂಡರು. "ನಿನ್ನ ತಪ್ಪು ಅಂತ ನಾನೂ ಎಣಿಸಿದ್ದೆ" ಎಂದರು. ಆಮೇಲೆ ಪಾಪ, ನಿಜವಾದ ಸಂಕಟ ಹೊರಬಂತು. "ಆದ್ರೆ ಬಂದವರ ಹತ್ತಿರ ಮುಟ್ಟಬೇಡಿ ಅಂತ ಹೇಗೆ ಹೇಳುದು ಝುಹ್ರಾ? ನನ್ನಿಂದ ಸಾಧ್ಯ ಇಲ್ಲ." ನನಗೆ ಅಳುವೂ ಬಂತು, ನಗುವೂ ಬಂತು.

ಮರುದಿನ ಅವರು ದರ್ಬೆಯ ಅಂಗಡಿಯಿಂದ ಒಂದು ಹಳೆಯ ಫ್ಯಾನಿನ ರೆಗ್ಯುಲೇಟರ್ ತಂದರು. ಬಾಗಿಲ ಹತ್ತಿರ ಚಂದದ ಹಲಗೆಗೆ ಅದನ್ನು ಬಿಗಿದು, ಮೇಲೊಂದು ಬಲ್ಬು ಜೋಡಿಸಿದರು. ತಿರುಗಿಸಿದರೆ ಬಲ್ಬಿನ ಬೆಳಕು ಹೆಚ್ಚುಕಮ್ಮಿ ಆಗುತ್ತದೆ, ಅಷ್ಟೇ. ಮಿಷನ್ನಿಗೂ ಅದಕ್ಕೂ ಸಂಬಂಧವೇ ಇಲ್ಲ. ನಿಜವಾದ ನಾಬಿಗೆ ತಗಡಿನ ಪೆಟ್ಟಿಗೆ ಹಾಕಿ ಬೀಗ ಜಡಿದರು. ಮಿಷನ್ ನನ್ನದೋ ಅಲ್ಲವೋ ಎಂದು ಹೇಳಲಿಲ್ಲ, ಬೀಗದ ಕೈ ಎಲ್ಲಿಟ್ಟರೆಂದೂ ಹೇಳಲಿಲ್ಲ, ನನಗೂ ಕೇಳಲು ಧೈರ್ಯವಾಗಲಿಲ್ಲ. ಬೀಗ ತೆಗೆಯಬೇಕಾದಾಗ ತಾವೇ ಬಂದು ತೆಗೆದುಕೊಡುತ್ತಿದ್ದರು. ಮೈಮೂನಮ್ಮ ಮತ್ತೆ ಬಂದಾಗ ಬಿಸ್ಮಿ ಹೇಳಿ ರೆಗ್ಯುಲೇಟರ್ ತಿರುಗಿಸಿ, ಬಲ್ಬು ಉರಿದದ್ದು ನೋಡಿ, ಈಗ ಮಿಷನ್ನಿಗೆ ಒಳ್ಳೆ ಕಳೆ ಬಂತು ಎಂದರು.

ವಾರ ಕಳೆದು ಒಬ್ಬರು ಕಾರಿನಲ್ಲಿ ಬಂದರು. ಮಿಷನ್ ಕೇಳಿದ್ದ ಉಪ್ಪಳದವರು ಎಂದು ಗೊತ್ತಾದ ಕೂಡಲೇ ನಾನು ಹೋಗಿ ಮಿಷನ್ನಿಗೆ ಅಡ್ಡ ನಿಂತೆ. ಉಪ್ಪ ಅವರ ಕೈ ಹಿಡಿದು ನೇರ ಬಾಗಿಲ ಹತ್ತಿರದ ಹಲಗೆಯ ಎದುರು ನಿಲ್ಲಿಸಿದರು.

"ಬಿಸ್ಮಿ ಹೇಳಿ ಒಮ್ಮೆ ತಿರುಗಿಸಿ" ಎಂದರು. ಬಲ್ಬು ಝಗ್ಗೆಂದು ಉರಿಯಿತು. "ಮಾರುದಿಲ್ಲ ಮಾರಾಯ್ರೆ. ಮಿಷನ್ ಮಗಳದ್ದು. ನೀವು ಶರಬತ್ತು ಕುಡಿದು ಹೋಗಿ."

ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟು, ಶರಬತ್ತು ಮಾಡಲು ತಾವೇ ಹಿಂದಿನ ಕೋಣೆಗೆ ಹೋದರು.