ಹಿಂದೆ-ಎಡ

ಒಗೆಯುವ ಮುಂಚೆ ಜೇಬು ತಡಕುವುದು ನನ್ನ ಅಭ್ಯಾಸ. ಗ್ಯಾರೇಜಿನವರ ಜೇಬೆಂದರೆ ಕೇಳಬೇಕೇ? ವಾಷರು, ನಟ್ಟು, ಮುರಿದ ಡ್ರಿಲ್ ಬಿಟ್ಟು, ಒಮ್ಮೆಯಂತೂ ಅರ್ಧ ತಿಂದ ಬಿಸ್ಕತ್ತು. ಆವತ್ತು ಬೆಳಿಗ್ಗೆ ಎರಡು ಬಕೆಟ್ ಬಟ್ಟೆ ನೆನೆಹಾಕಿ, ಮೂರನೆಯದಕ್ಕೆ ಸೋಪಿನ ಪುಡಿ ಸುರಿಯುತ್ತಿದ್ದಾಗ ನೀರಿನ ಡ್ರಮ್ಮಿನ ಹಿಂದೆ ಏನೋ ನೀಲಿ ಕಂಡಿತು. ಎಳೆದರೆ ನನ್ನ ಗಂಡನ ಕೆಲಸದ ಪ್ಯಾಂಟು. ಹತ್ತು ದಿನದಿಂದ ಹುಡುಕುತ್ತಿದ್ದೆ. ಕೇಳಿದಾಗ, “ಅದು ಬಿಡು, ನಾನೇ ಒಗ್ಕೋತೀನಿ” ಎಂದಿದ್ದರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ತಮ್ಮ ಕರವಸ್ತ್ರವನ್ನೂ ಒಗೆದುಕೊಂಡವರಲ್ಲ.

ತೊಡೆಯ ಪಕ್ಕದ ಉದ್ದ ಜೇಬಿಗೆ ಕೈಹಾಕಿದವಳು ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆ.

ಒಂದಡಿ ಉದ್ದದ ಕಪ್ಪು ನೈಲಾನ್ ಪಟ್ಟಿ. ನಾಲ್ಕು ಪದರ, ಎರಡೂ ತುದಿಗೆ ಬೋಲ್ಟ್ ತೂರಲು ಉಕ್ಕಿನ ಕಣ್ಣು. ಹೊಲಿಗೆ ನನ್ನದು. ಅದರ ಮೇಲೆ ಬಿಳಿ ಮಾರ್ಕರಿನಲ್ಲಿ ‘ಹಿಂದೆ-ಎಡ’ ಎಂದು ಬರೆದವಳೂ ನಾನೇ.

ಈ ಪಟ್ಟಿ ಹನ್ನೊಂದು ದಿನದ ಹಿಂದೆ ಹೊಲಿಗೆ ಬಿಟ್ಟುಕೊಂಡು ಕಿತ್ತುಹೋಗಿ ಮರಳಿನಲ್ಲಿ ಕಳೆದುಹೋಯಿತು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ನಾನೂ ನಂಬಿದ್ದೆ.

ನಮ್ಮ ಮನೆಗೆ ಅಂಟಿಕೊಂಡೇ ಗ್ಯಾರೇಜು. ಇಬ್ಬರು ಅಕ್ಕಪಕ್ಕ ಕೂತು ಮರಳುದಿಬ್ಬ, ಕಲ್ಲುಗುಡ್ಡ ಹತ್ತಿಸುವ, ಕೊಳವೆಗಳನ್ನು ಬೆಸೆದ ಪಂಜರದಂಥ ಗಾಡಿಗಳನ್ನು ನನ್ನ ಗಂಡ ಕಟ್ಟಿ ರಿಪೇರಿ ಮಾಡುತ್ತಾರೆ. ಮೈದುನ ಅವುಗಳನ್ನು ಓಡಿಸಿ ನೋಡುತ್ತಾನೆ. ಪಟ್ಟಿ ಹೊಲಿಯುವುದು ನನ್ನ ಕೆಲಸ. ಗಾಡಿ ದಿಬ್ಬದಿಂದ ಹಾರಿದಾಗ ಚಕ್ರಗಳು ಕೆಳಗೆ ಜೋತುಬೀಳುತ್ತವೆ. ಶಾಕ್ ಅಬ್ಸಾರ್ಬರಿನ ಸರಳು ಪೂರ್ತಿ ಚಾಚಿ ಕೊನೆ ಮುಟ್ಟುವ ಮುಂಚೆಯೇ ಚೌಕಟ್ಟಿಗೂ ಚಕ್ರಕ್ಕೂ ನಡುವೆ ಕಟ್ಟಿದ ಪಟ್ಟಿ ಬಿಗಿದುಕೊಂಡು ಚಕ್ರವನ್ನು ತಡೆಯಬೇಕು. ತಡೆಯದಿದ್ದರೆ ಆ ಏಟನ್ನೆಲ್ಲ ಸರಳೇ ತಿನ್ನುತ್ತದೆ. ಎಷ್ಟು ಸಲ ತಿಂದೀತು? ಆವತ್ತು ಮೂರನೆಯ ಜಿಗಿತಕ್ಕೆ ಎಡ ಹಿಂದಿನ ಸರಳು ಕಿತ್ತುಬಂದು, ಚಕ್ರ ಒಳಕ್ಕೆ ಮಡಚಿಕೊಂಡು, ಗಾಡಿ ಎರಡು ಪಲ್ಟಿ ಹೊಡೆಯಿತು. ಮೈದುನನ ಮುಂಗೈ ಮುರಿಯಿತು. ಇನ್ನೂ ಪ್ಲಾಸ್ಟರಿನಲ್ಲಿದೆ.

“ಹೊಲಿಗೆ ಕೈಕೊಡ್ತು,” ಎಂದರು ನನ್ನ ಗಂಡ ಆವತ್ತು ಸಂಜೆ. ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಪಟ್ಟಿ ಹೊಲಿದ ದಿನ ಮಗಳಿಗೆ ಜ್ವರ, ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಬದಲಾಯಿಸುವುದಕ್ಕೆ ನಾಲ್ಕು ಸಲ ಎದ್ದಿದ್ದೆ. ಎಲ್ಲೋ ಒಂದು ಸಾಲು ತಪ್ಪಿಸಿರಬೇಕು ಎಂದುಕೊಂಡೆ. ಮೂರು ದಿನ ಮಿಷಿನ್ ಮುಟ್ಟಲಿಲ್ಲ. ನಾಲ್ಕನೆಯ ದಿನ ಮುಟ್ಟಿದಾಗ ನನ್ನ ಕೈಯನ್ನು ನಾನೇ ನಂಬದೆ, ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದೆ.

ಈಗ ನೋಡಿದರೆ ಒಂದು ಎಳೆಯೂ ಬಿಟ್ಟಿಲ್ಲ.

ಕೈ ಒರೆಸಿಕೊಂಡು ಹೊಲಿಗೆ ಕೋಣೆಗೆ ಹೋಗಿ ಟೇಪು ಹಿಡಿದೆ. ಕಣ್ಣಿನಿಂದ ಕಣ್ಣಿಗೆ ಸರಿಯಾಗಿ ಹನ್ನೆರಡು ಇಂಚು. ನೈಲಾನು ಒಂದು ಸಲ ಜೋರು ಎಳೆತ ತಿಂದರೆ ಮತ್ತೆ ಹಳೆಯ ಅಳತೆಗೆ ಬರುವುದಿಲ್ಲ. ಅದಕ್ಕೇ ಹದಿಮೂರು ಇಂಚು ಬೇಕಾದಲ್ಲಿ ಒಂದಿಂಚು ಗಿಡ್ಡ, ಹನ್ನೆರಡೇ ಹೊಲಿಯುತ್ತೇವೆ. ಇದು ನಾನು ಹೊಲಿದಷ್ಟೇ ಇತ್ತು. ಎಂದರೆ ಒಂದು ಸಲವೂ ಎಳೆತ ಕಂಡಿಲ್ಲ.

ಮೊದಲು ನನ್ನ ಅನುಮಾನ ಹೋದದ್ದು ಮೈದುನನ ಮೇಲೆ. “ಅತ್ತಿಗೆ, ನೀವು ಹೊಲಿಯೋದು ಪಟ್ಟಿ ಅಲ್ಲ, ನಾಯಿ ಸರಪಳಿ. ಚಕ್ರ ಇನ್ನೂ ಕೆಳಗಿಳಿಬೇಕು, ನೋಡೋರ ಎದೆ ಝಲ್ ಅನ್ಬೇಕು,” ಎಂದು ರೇಗಿಸುತ್ತಿದ್ದವನು ಅವನು. ಅವನೇ ಬಿಚ್ಚಿಟ್ಟಿರಬಹುದು. ಆದರೆ ಬಿಚ್ಚಿದವನು ಅಣ್ಣನ ಜೇಬಿನಲ್ಲಿ ಏಕೆ ಇಡುತ್ತಾನೆ?

ಪಟ್ಟಿಯನ್ನು ಸೆರಗಿನ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಲೋಟ ಕಾಫಿ ಹಿಡಿದು ಗ್ಯಾರೇಜಿಗೆ ಹೋದೆ. ನನ್ನ ಗಂಡ ಬಾಗಿಲ ಹತ್ತಿರ ಏನೋ ಉಜ್ಜುತ್ತ ಸಿಳ್ಳೆ ಹಾಕುತ್ತಿದ್ದರು. ನನ್ನನ್ನು ಕಂಡು ಸಿಳ್ಳೆ ನಿಂತಿತು. ದಿನಾ ನಿಲ್ಲುತ್ತಿತ್ತೋ, ಇವತ್ತೇ ನಿಂತಿತೋ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

“ಏನು, ಇಷ್ಟು ಬೇಗ ಎರಡನೇ ಕಾಫಿ?”

“ಉಳಿದಿತ್ತು.”

“ಬಟ್ಟೆ ಒಗೆಯೋದು ಆಯ್ತಾ?”

ಇವರು ಯಾವಾಗಿಂದ ನನ್ನ ಬಟ್ಟೆಯ ವಿಚಾರ ಕೇಳಲು ಶುರುಮಾಡಿದರು? “ಇನ್ನೂ ಇಲ್ಲ,” ಎಂದೆ.

ಅವರು ಲೋಟ ತೊಳೆಯಲು ನಲ್ಲಿಯ ಕಡೆ ಹೋದಾಗ, ಮೂಲೆಯಲ್ಲಿ ನಿಲ್ಲಿಸಿದ್ದ ಆ ನುಜ್ಜುಗುಜ್ಜು ಗಾಡಿಯ ಹಿಂದೆ ಬಗ್ಗಿದೆ. ಪಟ್ಟಿಯ ಬೋಲ್ಟ್ ಹಾಕಲು ಚೌಕಟ್ಟಿಗೆ ಕಬ್ಬಿಣದ ಕಿವಿಗಳನ್ನು ಬೆಸೆದಿರುತ್ತಾರೆ. ಬಲಗಡೆಯ ಕಿವಿಯಲ್ಲಿ ನನ್ನ ಪಟ್ಟಿ ಮರಳು ಮೆತ್ತಿಕೊಂಡು ಇನ್ನೂ ಇತ್ತು, ವಾಷರಿನ ಸುತ್ತ ಬಣ್ಣ ಎದ್ದುಹೋಗಿತ್ತು. ಎಡಗಡೆಯ ಕಿವಿ ಖಾಲಿ. ಬೆರಳಾಡಿಸಿದೆ. ತೂತಿನ ಸುತ್ತ ಬಣ್ಣ ಹೊಸದರಂತೆ ನುಣ್ಣಗಿತ್ತು. ಅಲ್ಲಿ ಬೋಲ್ಟ್ ಕೂತೇ ಇರಲಿಲ್ಲ.

ಯಾರೂ ಬಿಚ್ಚಿಲ್ಲ. ಹಾಕೇ ಇಲ್ಲ.

ಎದ್ದು ತಿರುಗಿದರೆ ಎದುರಿಗೆ ನನ್ನ ಮಗಳು. ಎಂಟು ವರ್ಷ. ಅವಳ ಅಪ್ಪ ಅವಳನ್ನು ಸೂಪರ್‌ವೈಸರ್ ಎಂದು ಕರೆಯುತ್ತಾರೆ. ಸ್ಟೂಲಿನ ಮೇಲೆ ಕೂತು, ಇದು ಯಾಕೆ, ಅದು ಯಾಕೆ, ಯಾಕೆ ಅಂದ್ರೆ ಯಾಕೆ ಎಂದು ತಲೆ ತಿನ್ನುವವಳು. ಅಂಥವಳು ಹನ್ನೊಂದು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಜ್ವರದ ನಿಶ್ಶಕ್ತಿ ಎಂದುಕೊಂಡಿದ್ದೆ. ಈಗ ಅವಳು ಗೋಡೆಯ ಕಪ್ಪು ಹಲಗೆಯ ಮುಂದೆ ನಿಂತು, ಒದ್ದೆ ಬೆರಳಿನಿಂದ ‘ಹಿಂದೆ-ಎಡ’ದ ಮುಂದಿನ ಟಿಕ್ಕನ್ನು ಅಳಿಸುತ್ತಿದ್ದಳು.

ಹಲಗೆಯ ಲೆಕ್ಕ ಅವಳದೇ. ನಾನು ಪಟ್ಟಿ ಹೊಲಿದು ಕೊಟ್ಟು, ಅಪ್ಪ ತೆಗೆದುಕೊಂಡ ಕೂಡಲೇ ಅವಳು ಸೀಮೆಸುಣ್ಣದಲ್ಲಿ ಟಿಕ್ ಹಾಕುತ್ತಾಳೆ. ಬೋಲ್ಟ್ ಬಿಗಿದ ಮೇಲೆ ಹಾಕಬೇಕು ಎಂದು ಅವಳಪ್ಪ ಮೊದಲು ಹೇಳಿದ್ದರು. ಮಗು ಗಾಡಿಯ ಕೆಳಗೆ ಬಗ್ಗಿ ನೋಡುವುದು ಬೇಡ, ಪಟ್ಟಿ ನನ್ನ ಕೈಯಿಂದ ಅವರ ಕೈಗೆ ಹೋದರೆ ಸಾಕು ಎಂದು ಹಟ ಹಿಡಿದವಳು ನಾನು. ಒಂದು ವರ್ಷದಿಂದ ಹಾಗೇ ನಡೆದಿತ್ತು; ಜ್ವರ ಬಿಟ್ಟ ಮರುದಿನ ಈ ಪಟ್ಟಿ ಕೊಟ್ಟಾಗಲೂ ಅವಳು ಎದ್ದುಬಂದು ಟಿಕ್ ಹಾಕಿದ್ದಳು. ಹಲಗೆ ನೋಡಿಯೇ ಮೈದುನ ಗಾಡಿ ಹತ್ತುತ್ತಿದ್ದ.

“ಯಾಕೆ ಕಂದ, ಅಳಿಸ್ತಿದೀಯ?”

“ಏನಿಲ್ಲ.”

“ಅಮ್ಮಂಗೂ ಹೇಳಲ್ವಾ?”

ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ಒಳಗೆ ಓಡಿದಳು. ಇವಳಿಗೇನೋ ಗೊತ್ತು ಎನಿಸಿತು. ಹೊಟ್ಟೆಯಲ್ಲಿ ಹುಟ್ಟಿದ ಕೂಸಿನ ಮೇಲೂ ಅನುಮಾನ ಪಡುವ ಹಾಗಾಯಿತಲ್ಲ ಎಂದು ನನ್ನ ಮೇಲೆ ನನಗೇ ನಾಚಿಕೆಯಾಯಿತು.

ತಿಂಡಿಗೆ ಎಲ್ಲರೂ ಕೂತರು. ಅತ್ತೆ ಮೈದುನನ ತಟ್ಟೆಯಲ್ಲಿದ್ದುದನ್ನು ತುಂಡು ಮಾಡಿ ಕೊಡುತ್ತಿದ್ದರು.

“ಎಡಗೈಲಿ ತಿನ್ನೋದು ಅಭ್ಯಾಸ ಆಗ್ಬಿಡ್ತು,” ಎಂದ ಮೈದುನ. “ಇನ್ಮೇಲೆ ಅಮ್ಮಂಗೆ ಕೆಲಸ ಇಲ್ಲ.”

“ಸುಮ್ನೆ ತಿನ್ನು. ದೊಡ್ಡ ಸರ್ಕಸ್ಸಿನವನು.” ಅತ್ತೆ ನನ್ನ ಕಡೆ ನೋಡದೆಯೇ ಮುಂದುವರಿಸಿದರು, “ನಮ್ಮ ಕಾಲದಲ್ಲಿ ಗುಂಡಿ ಹೊಲಿದ್ರೂ ಜಗ್ಗಿ ನೋಡ್ತಿದ್ವಿ.”

ನನ್ನ ಗಂಡ ತಟ್ಟೆ ನೋಡುತ್ತಿದ್ದರು. “ಹಂಗೇನಿಲ್ಲ ಬಿಡಮ್ಮ. ಇವಳಿಗೂ ಮನೆ ಕೆಲಸ, ಮಗು, ಎಲ್ಲ ಅಂದ್ರೆ ಕಷ್ಟ. ಪೇಟೇಲಿ ಒಬ್ರು ಟೆಂಟ್ ಹೊಲಿಯೋರು ಇದಾರೆ, ದೊಡ್ಡ ಮಿಷಿನ್ ಇದೆ. ಇನ್ಮೇಲೆ ಪಟ್ಟಿ ಎಲ್ಲ ಅವರಿಗೇ ಕೊಡೋಣ ಅಂತ. ನಾಳೆ ಹೋಗಿ ಮಾತಾಡ್ತೀನಿ.”

ಎಷ್ಟು ಮೆತ್ತಗೆ ಹೇಳಿದರು! ಹನ್ನೊಂದು ದಿನದಿಂದ ನನಗೆ ನೋವಾಗದ ಹಾಗೆ ಮಾತಾಡುತ್ತಿದ್ದಾರೆ ಎಂದುಕೊಂಡಿದ್ದೆ. ಈಗ ಅದೇ ಮೆತ್ತನೆಯ ದನಿ ಕಿವಿಗೆ ಬೇರೆ ಥರ ಕೇಳಿತು. ಪಟ್ಟಿ ಸೊಂಟಕ್ಕೆ ಒತ್ತುತ್ತಿತ್ತು. ತೆಗೆದು ನಡುವೆ ಇಟ್ಟರೆ ಮುಗಿಯಿತು. ಆದರೆ ಅವರ ತಮ್ಮ ಎದುರಿಗಿದ್ದಾನೆ, ಮುರಿದ ಕೈ ಅವನದು. ಅವರ ಅಮ್ಮ ಎದುರಿಗಿದ್ದಾರೆ. ಗಂಡನ ಮರ್ಯಾದೆ ನಾನೇ ತೆಗೆಯಲೇ? ತೆಗೆಯದಿದ್ದರೆ ನಾಳೆಯಿಂದ ನನ್ನ ಮಿಷಿನ್ನಿನ ಮೇಲೆ ಬಟ್ಟೆ ಮುಚ್ಚಬೇಕು, ನಾನು ಮಾಡದ ತಪ್ಪನ್ನು ಬದುಕಿರುವವರೆಗೆ ಹೊರಬೇಕು. ಬಾಯಿ ತೆರೆದೆ.

“ಇನ್ನೊಂದು ಸ್ವಲ್ಪ ಹಾಕ್ಲಾ?” ಎಂದೆ.

“ಬೇಡ, ಸಾಕು,” ಎಂದರು ನನ್ನ ಗಂಡ.

ಮಗಳು ತಟ್ಟೆ ಪಕ್ಕಕ್ಕೆ ಸರಿಸಿದ್ದಳು. ತುತ್ತೂ ತಿಂದಿರಲಿಲ್ಲ.

“ಯಾಕೆ ಸೂಪರ್‌ವೈಸರ್, ತಿಂಡಿಗೆ ಟಿಕ್ ಇಲ್ವಾ ಇವತ್ತು?” ಎಂದ ಮೈದುನ.

“ನಾನು ಟಿಕ್ ಹಾಕ್ದೆ ಅಂತ ನೀನು ಹತ್ತಿದ್ದು ಚಿಕ್ಕಪ್ಪ.”

“ಅದಕ್ಕೇನೀಗ? ದಿನಾ ಹಾಕ್ತೀಯಲ್ಲ.”

ನನ್ನ ಗಂಡ ಲೋಟ ಎತ್ತಿಕೊಂಡು ಏಳಲು ಹೋದರು. “ಸರಿ, ನಂಗೆ ಕೆಲಸ ಇದೆ.”

“ಕೂತ್ಕೊಳ್ಳಿ,” ಎಂದೆ. ಅಷ್ಟೇ ಬಂತು ನನ್ನ ಬಾಯಿಂದ. ಯಾಕೋ ಅವರು ಕೂತರು.

ನಾನು ಮಗಳ ಬೆನ್ನ ಮೇಲೆ ಕೈಯಿಟ್ಟೆ. ಪುಟ್ಟ ಬೆನ್ನು, ಉಸಿರು ಹಕ್ಕಿಯ ಹಾಗೆ ಏರಿಳಿಯುತ್ತಿತ್ತು. ಅವಳು ನನ್ನನ್ನು ನೋಡಲಿಲ್ಲ, ಚಿಕ್ಕಪ್ಪನನ್ನೂ ನೋಡಲಿಲ್ಲ. ನೆಟ್ಟಗೆ ಅಪ್ಪನ ಮುಖ ನೋಡಿದಳು.

“ಅಪ್ಪಾ, ಆವತ್ತು ಫೋನ್ ಬಂತು ಅಂತ ಪಟ್ಟೀನ ಜೇಬಿಗೆ ಹಾಕ್ಕೊಂಡು ಹೋದ್ರಲ್ಲ, ಆಮೇಲೆ ಅದನ್ನ ಗಾಡಿಗೆ ಹಾಕಿದ್ರಾ, ಇಲ್ವಾ?”