ನೆಲಕ್ಕೆ ನಾಲ್ಕು ಬೆರಳು

ಈಗಲೇ ಹೇಳಿಬಿಡಬೇಕೇ, ಕೆಲಸ ಮುಗಿದ ಮೇಲೆ ಹೇಳಬೇಕೇ, ಅಥವಾ ಐದು ತಿಂಗಳು ಕಳೆದ ಮೇಲೆ ಹೇಳುವಂಥದ್ದು ಏನೂ ಉಳಿದಿಲ್ಲವೇ? ಮೆಕ್ಯಾನಿಕ್ ಮಂಡಿಯೂರಿ ಕುಳಿತು, ಬೈಕಿನ ಮೇಲೆ ತುದಿಗಾಲಲ್ಲಿ ತೂಗಾಡುತ್ತಿದ್ದ ತಂಗಿಯ ಹಿಮ್ಮಡಿಗೂ ಗ್ಯಾರೇಜಿನ ನೆಲಕ್ಕೂ ನಡುವೆ ಕೈಬೆರಳುಗಳನ್ನಿಟ್ಟು ಅಳೆಯುತ್ತಿದ್ದ.

"ಏನಣ್ಣ, ಎಮ್ಮೆ ಹಾಲು ಕರೆಯೋರ ಹಾಗೆ ಕೂತುಬಿಟ್ಟೆ? ಎಷ್ಟಿದೆ?"

"ನಾಲ್ಕು ಬೆರಳು. ಹತ್ತನೇ ಕ್ಲಾಸಿಗೇ ಬೆಳೆಯೋದು ನಿಲ್ಲಿಸಿಬಿಟ್ಟೆಯಲ್ಲ ಕುಳ್ಳಿ."

"ನನ್ನ ಪಾಲಿನ ಉದ್ದಾನೂ ನೀನೇ ತಿಂದ್ಬಿಟ್ಟೆ. ನಾನೇನು ಮಾಡ್ಲಿ."

ಬೈಕು ಅವಳ ಗಂಡನದು, ಅಂದರೆ ಇವನ ಭಾವನದು. ಊರಾಚೆಯ ಕ್ಲಿನಿಕ್ಕುಗಳಿಂದ ರಕ್ತದ ಮಾದರಿಗಳ ಪೆಟ್ಟಿಗೆಯನ್ನು ಲ್ಯಾಬಿಗೆ ತರುವುದು ಅವನ ಕೆಲಸವಾಗಿತ್ತು. ಅದೇ ಕೆಲಸವನ್ನು ಲ್ಯಾಬಿನವರು ಈಗ ಅವಳಿಗೆ ಕೊಟ್ಟಿದ್ದರು. ಸೋಮವಾರದಿಂದ ಸೇರಬೇಕು. ಸ್ಕೂಟರ್ ತಗೋ ಎಂದು ಅಣ್ಣ ಎರಡು ಸಲ ಹೇಳಿ ನೋಡಿದ್ದ. ಆ ಕಲ್ಲುದಾರಿಯಲ್ಲಿ ಸ್ಕೂಟರ್ ಒಂದು ತಿಂಗಳೂ ಬಾಳುವುದಿಲ್ಲವೆಂದು ಅವಳು ಮಾತು ಮುಗಿಸಿದ್ದಳು.

"ಹೋದ ವರ್ಷ ನೀನು ಇಳಿಸಿಕೊಟ್ಟಾಗ ಪಾದ ಪೂರ್ತಿ ಊರ್ತಿತ್ತು. ಮತ್ತೆ ಯಾಕೆ ಎತ್ತರ ಮಾಡಿದೆ?"

"ರಿಪೇರಿ ಮಾಡೋವಾಗ ಕಂಪನಿ ಲಿಂಕನ್ನೇ ವಾಪಸ್ ಹಾಕ್ದೆ."

"ಡಬಲ್ ಸ್ಟ್ಯಾಂಡೂ ಇಲ್ಲ."

"ಬಗ್ಗಿತ್ತು. ತೆಗೆದೆ."

ಸ್ಟ್ಯಾಂಡ್ ಬಗ್ಗಿರಲಿಲ್ಲ. ಹೋದ ವರ್ಷ, ಭಾನುವಾರಗಳಂದು ತಾನೂ ಬೈಕ್ ಓಡಿಸಬೇಕೆಂದು ತಂಗಿ ಹಟ ಹಿಡಿದಾಗ, ಅವನು ಹಿಂದಿನ ಶಾಕ್‌ ಅನ್ನು ಹಿಡಿದಿಡುವ ಲಿಂಕ್ ಪಟ್ಟಿಯ ಬದಲು ಉದ್ದದ್ದೊಂದನ್ನು ಹಾಕಿ ಹಿಂಭಾಗವನ್ನು ತಗ್ಗಿಸಿದ್ದ. ತಗ್ಗಿಸಿದ ಬೈಕಿನಲ್ಲಿ ಡಬಲ್ ಸ್ಟ್ಯಾಂಡ್ ಉಳಿಸಬಾರದು. ತಿರುವಿನಲ್ಲಿ ವಾಲಿದಾಗ ಮೊದಲು ರಸ್ತೆಗೆ ತಾಗುವುದು ಅದೇ. ಚೈನಿಗೆ ಎಣ್ಣೆ ಬಿಡಲು ಬೇಕಾಗುತ್ತದೆ, ಇರಲಿ ಎಂದಿದ್ದ ಭಾವ. ಇವನೂ ಬಿಟ್ಟುಬಿಟ್ಟ. ಆ ದಿನ ಅವನು ಅಳೆದದ್ದು ತಂಗಿಯ ಕಾಲನ್ನು ಮಾತ್ರ. ವಾರದ ಆರು ದಿನ ಅದರ ಮೇಲೆ ಕೂರುವ ಭಾವ ತೊಂಬತ್ತು ಕಿಲೋದ ಆಳು, ಅವನ ಭಾರಕ್ಕೆ ಬೈಕು ಇನ್ನೂ ಎರಡು ಬೆರಳು ಕುಸಿಯುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಐದು ತಿಂಗಳ ಹಿಂದೆ ಭಾವ ತಿರುವೊಂದರಲ್ಲಿ ಬಿದ್ದು ಸತ್ತಾಗ, ಜಲ್ಲಿಯ ಮೇಲೆ ಜಾರಿದ್ದು ಎಂದು ಪೊಲೀಸರು ಬರೆದುಕೊಂಡರು. ಬೈಕು ಗ್ಯಾರೇಜಿಗೆ ಬಂದ ದಿನ ಸ್ಟ್ಯಾಂಡಿನ ಎಡತುದಿ ಉಜ್ಜಿಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಯಾರೂ ಕೇಳುವ ಮೊದಲೇ ಅವನು ಅದನ್ನು ಬಿಚ್ಚಿ ಗುಜರಿಗೆ ಹಾಕಿದ್ದ.

ಮೇಜಿನ ಮೇಲೆ ಗಾಳಿ ತುಂಬುವ ಎರಡು ಬಗೆಯ ಶಾಕ್ ಅಬ್ಸಾರ್ಬರ್‌ಗಳಿದ್ದವು. ಒಂದಕ್ಕೆ ಕೈಪಂಪಿನಿಂದ ಗಾಳಿ ತುಂಬಬೇಕು. ಒಮ್ಮೆ ಇಟ್ಟ ಎತ್ತರ ಹಾಗೆಯೇ ಇರುತ್ತದೆ. ಇನ್ನೊಂದಕ್ಕೆ ಪುಟ್ಟ ಕಂಪ್ರೆಸರ್, ಹ್ಯಾಂಡಲ್ಲಿನಲ್ಲಿ ಸ್ವಿಚ್. ನಿಂತಾಗ ಇಳಿಸಿಕೊಳ್ಳಬಹುದು, ಹೊರಟಾಗ ಎತ್ತಿಕೊಳ್ಳಬಹುದು. ಅವನು ಎರಡನೆಯದನ್ನು ಕೈಗೆತ್ತಿಕೊಂಡ.

"ಇಷ್ಟೆಲ್ಲ ಯಾಕಣ್ಣ? ಹೋದ್ಸಲದ ಲಿಂಕನ್ನೇ ಹಾಕ್ಬಿಡು. ಚೆನ್ನಾಗೇ ಇತ್ತಲ್ಲ."

"ಅದು ಬೇಡ."

"ಅದೇ ಯಾಕೆ ಅಂತ."

ಅವನು ಸ್ಪ್ಯಾನರ್ ಹುಡುಕುವವನಂತೆ ಬೆನ್ನು ತಿರುಗಿಸಿದ. "ತೂಕ ಎಷ್ಟು ನಿಂದು?"

"ನಲವತ್ತಾರು. ಆಗ ಐವತ್ತೆರಡಿತ್ತು."

"ಪೆಟ್ಟಿಗೆ?"

"ತುಂಬಿದ್ರೆ ಹನ್ನೆರಡು."

ಗೋಡೆಯ ಮೇಲೆ ಸೀಮೆಸುಣ್ಣದಿಂದ ಐವತ್ತೆಂಟು ಎಂದು ಬರೆದು ಅವನು ಕೆಲಸಕ್ಕೆ ಕೂತ.

ಮಧ್ಯಾಹ್ನದ ಹೊತ್ತಿಗೆ ಜೋಡಣೆ ಮುಗಿಯಿತು. ಮೀಟರ್ ನೋಡುತ್ತ ಗಾಳಿ ಬಿಟ್ಟ, ತುಂಬಿದ, ಮತ್ತೆ ಬಿಟ್ಟ. ತಂಗಿ ಹತ್ತಿ ಕುಳಿತು ಸ್ವಿಚ್ ಒತ್ತಿದಳು. ಬೈಕು ಸುಸ್ಸೆಂದು ಉಸಿರು ಬಿಡುತ್ತ ಕೆಳಗಿಳಿದು, ಅವಳ ಎರಡೂ ಹಿಮ್ಮಡಿಗಳು ನೆಲಕ್ಕೆ ಊರಿದವು. ಅವಳು ಕಾಲು ನೋಡಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ಅವನು ನೋಡಿ ಬಹಳ ದಿನವಾಗಿತ್ತು.

"ಕೇಳಿಲ್ಲಿ. ಹೊರಟ ಕೂಡಲೇ ಎತ್ಬೇಕು. ಇಳಿಸಿಕೊಂಡು ತಿರುವಿಗೆ ಹೋಗಲೇಬೇಡ. ತಳ ರಸ್ತೆಗೆ ತಾಗಿದ್ರೆ ಹಿಂದಿನ ಚಕ್ರ ನೆಲ ಬಿಡುತ್ತೆ. ಆಮೇಲೆ ಏನು ಮಾಡಿದ್ರೂ ಕೈಗೆ ಸಿಗಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಇನ್ನೊಂದು ಸಲ ಹೇಳು, ನೋಡೋಣ."

ಅವಳು ಶಾಲೆಯ ಪದ್ಯ ಒಪ್ಪಿಸುವಂತೆ ಒಪ್ಪಿಸಿದಳು. ಆಮೇಲೆ ಹೆಲ್ಮೆಟ್ ತಲೆಗೇರಿಸಿಕೊಂಡಳು.

"ಅವರಿಗೂ ಇಷ್ಟೆಲ್ಲ ಹೇಳಿದ್ಯಾ?"

ಅವನು ಕೈಗೆ ಅಂಟಿದ ಗ್ರೀಸನ್ನು ಒರೆಸಿಕೊಳ್ಳುತ್ತಿದ್ದ. ಒಂದೊಂದೇ ಬೆರಳು.

"ಹ್ಞೂಂ," ಎಂದ.

"ಹೇಳೇ ಇರ್ತೀಯ." ಅವಳು ಪಟ್ಟಿ ಬಿಗಿದುಕೊಂಡಳು. "ಅವರು ಯಾವತ್ತು ಯಾರ ಮಾತು ಕೇಳಿದ್ರು. ತಪ್ಪು ಅವರದೇ."

ಬೈಕು ಬಾಗಿಲು ದಾಟಿತು. ದಾಟುತ್ತಲೇ ಹಿಂಭಾಗ ಮೆಲ್ಲಗೆ ಮೇಲೆದ್ದಿತು. ಮುಂದಿನ ತಿರುವಿನಲ್ಲಿ ಅವಳು ಬೆನ್ನು ನೆಟ್ಟಗಿಟ್ಟುಕೊಂಡು, ಹೇಳಿಸಿಕೊಂಡಂತೆಯೇ ನಿಧಾನವಾಗಿ ಹೊರಳಿ ಮರೆಯಾದಳು. ಮೆಕ್ಯಾನಿಕ್ ಬಾಗಿಲಲ್ಲೇ ನಿಂತಿದ್ದ.

ತಗ್ಗಿಸಿದ ಬೈಕಿನ ಕೀಲಿ ಕೊಟ್ಟ ದಿನ ಭಾವನಿಗೆ ಅವನು ಹೇಳಿದ್ದು, ಹೊತ್ತಾಯಿತು ಹೊರಡು ಎಂದಷ್ಟೇ. ತಿರುವಿನ ಮಾತನ್ನು ಅವನು ಹೇಳಿರಲಿಲ್ಲ.